ನಡುಗಿದ್ದು ನಿಮ್ಮ ಮೇಜು, ಅಪ್ಪನ ಕೈಯಲ್ಲ

ದಾಖಲೆ ಕಚೇರಿಯ ಮುಖ್ಯಾಧಿಕಾರಿಗಳೇ,

ನಾನು ನನ್ನ ಅಪ್ಪನ ಸಹಿಯನ್ನು ಫೋರ್ಜರಿ ಮಾಡಿದ್ದೇನೆಂದು ನಿಮ್ಮ ಕಚೇರಿ ತೀರ್ಮಾನಿಸಿದೆ. 'ಸಹಿಯಲ್ಲಿ ಅಸಹಜ ನಡುಕ, ಅರ್ಜಿ ತಿರಸ್ಕೃತ.' ಎಷ್ಟು ಚೊಕ್ಕವಾದ ವಾಕ್ಯ! ನನ್ನ ಅಪ್ಪ ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವರು. ಏಣಿಯ ತುದಿಯಲ್ಲಿ ನಿಂತು, ಸ್ಕೇಲಿಲ್ಲದೆ ನೇರ ಗೆರೆ ಎಳೆಯುತ್ತಿದ್ದರು. ಸಾಯುವ ಎರಡು ವರ್ಷ ಮೊದಲು, ತಮ್ಮ ಅಂಗಡಿ ನನಗೆ ಸೇರಬೇಕೆಂದು ಮನೆಯಲ್ಲಿ ಒಬ್ಬರೇ ಕೂತು ಬರೆದು ಸಹಿ ಹಾಕಿ, ನನ್ನ ಕೈಯಲ್ಲೇ ನಿಮ್ಮಲ್ಲಿಗೆ ಕಳಿಸಿದರು. ನೀವು ಅದನ್ನು ಸ್ಕ್ಯಾನ್ ಮಾಡಿ, ಮೂಲವನ್ನು ಗಂಟು ಕಟ್ಟಿ ಗೋದಾಮಿಗೆ ಎಸೆದಿರಿ. ಈಗ, ಅಂಗಡಿಯನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದರೆ, ನಿಮ್ಮ ಪರದೆಯ ಮೇಲೆ ಆ ಸಹಿಗೆ ಚಳಿಜ್ವರ ಬಂದಿದೆ.

ನಿಮ್ಮ ಪತ್ರವನ್ನು ಅಣ್ಣ ಎರಡು ಸಲ ಓದಿದ. "ನಿಜ ಹೇಳು, ನೀನೇ ಹಾಕಿದ್ಯಾ?" ಎಂದ. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ನಂಬಿದವಳು ಅವಳು. ಸರ್ಕಾರಿ ಮೊಹರಿರುವ ಹೊಗೆಯಾದರಂತೂ ಕೇಳಬೇಕೆ?

ನನ್ನ ಕಸುಬು ಪ್ರಿಂಟರ್, ಸ್ಕ್ಯಾನರ್ ರಿಪೇರಿ. ನಿಮ್ಮ ಮೊದಲ ಮಹಡಿಗೆ ಬಂದು ನೋಡಿದೆ. ಸ್ಕ್ಯಾನರ್ ಇರುವ ಮೇಜಿನ ಮೇಲೆಯೇ ಮೊಹರು ಒತ್ತುವ ಯಂತ್ರವನ್ನೂ ಕೂರಿಸಿದ್ದೀರಿ. ಅದು ಧಡ್ ಎಂದಾಗಲೆಲ್ಲ ಮೇಜು ಅದುರುತ್ತದೆ. ಸ್ಕ್ಯಾನರ್ ಕಾಗದವನ್ನು ಸಾಲುಸಾಲಾಗಿ ಓದುತ್ತದೆ. ಅದುರಿದ ಗಳಿಗೆಯ ಸಾಲು ಪಕ್ಕಕ್ಕೆ ಸರಿದು ದಾಖಲಾಗುತ್ತದೆ.

"ಮಷೀನ್ ಸುಳ್ಳು ಹೇಳುತ್ತೇನಮ್ಮ?" ಎಂದರು ನಿಮ್ಮ ಗುಮಾಸ್ತರು.

ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಸಹಿ ನಡುಗಿದ್ದ ಜಾಗದ ಪಕ್ಕದಲ್ಲೇ, ಕಾಗದದ ಅಂಚಿಗೆ ಮೇಲಿಂದ ಕೆಳಕ್ಕೆ ಅಚ್ಚಾಗಿದ್ದ ಉದ್ದ ಗೆರೆಯೂ ಹಾವಿನಂತೆ ಹೊರಳಿತ್ತು.

"ಈ ಗೆರೆನೂ ನಾನೇ ಫೋರ್ಜರಿ ಮಾಡಿದ್ನಾ ಸಾರ್?"

"ಅದೆಲ್ಲ ಸಾಹೇಬ್ರನ್ನ ಕೇಳಿ."

ಕೇಳುತ್ತಿದ್ದೇನೆ, ಸಾಹೇಬರೇ. ಆ ಗೆರೆ ನೆಟ್ಟಗಾಗುವಷ್ಟು ಒಂದೊಂದೇ ಸಾಲನ್ನು ಹಿಂದಕ್ಕೆ ಸರಿಸಿದರೆ ಸಹಿಯೂ ನೆಟ್ಟಗಾಗುತ್ತದೆ. ಗುಮಾಸ್ತರು ಕೊಟ್ಟ ಸ್ಕ್ಯಾನ್ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಹಾಗೆಯೇ ತಿದ್ದಿದೆ. ಅರ್ಧ ದಿನ ಹಿಡಿಯಿತು. ಅಮ್ಮ ಕನ್ನಡಕ ಒರೆಸಿಕೊಂಡು ನೋಡಿ, "ಇದು ಅವ್ರದ್ದೇ ಕಣೇ" ಎಂದು ಅತ್ತುಬಿಟ್ಟಳು. ಅಣ್ಣ ತಲೆ ತಗ್ಗಿಸಿ ಎದ್ದುಹೋದ. ಇಂದಿಗೂ ನನ್ನೊಡನೆ ನೆಟ್ಟಗೆ ಮಾತಾಡಲು ಅವನಿಗಾಗುತ್ತಿಲ್ಲ. ಅದನ್ನು ತಿದ್ದುವ ವಿದ್ಯೆ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆಯೇ?

ಮೊಹರಿನ ಯಂತ್ರವನ್ನು ಬೇರೆ ಕೋಣೆಗೆ ಸಾಗಿಸಿ. ಮೂಲ ಪತ್ರವನ್ನು ಗೋದಾಮಿನಿಂದ ತರಿಸಿ, ಅಮ್ಮ ಮತ್ತು ಅಣ್ಣನ ಎದುರು ಬಿಚ್ಚಿ. ಆ ಮೇಜಿನ ಮೇಲೆ ಹಾದುಹೋದ ಪ್ರತಿಯೊಂದು ಕಾಗದವನ್ನೂ ಮತ್ತೆ ಸ್ಕ್ಯಾನ್ ಮಾಡಿಸಿ. ಇನ್ನೆಷ್ಟು ಮನೆಗಳಲ್ಲಿ ಇನ್ನೆಷ್ಟು ಜನ ಕಳ್ಳರಾಗಿದ್ದಾರೋ, ಯಾರು ಬಲ್ಲರು? ತಪ್ಪು ನಿಮ್ಮದೆಂದು ಬರೆದುಕೊಡಿ. ಸಹಿ ನೀವೇ ಹಾಕಿ, ಕೈ ನಡುಗದಂತೆ.

ಇಂತಿ,
ನಿಮ್ಮ ಕಡತದಲ್ಲಿ ಇನ್ನೂ ಕಳ್ಳಿಯಾಗಿಯೇ ಉಳಿದಿರುವ
ರಿಪೇರಿಯವಳು