ನಳ ಕಡಿಯುತ್ತದೆ ಎಂದವಳಿಗೆ

ಎರಡನೇ ಇಯತ್ತೆಯ ಜಾಣೆ ವಿದ್ಯಾಳಿಗೆ, ಕೇಶ್ವಾಪುರದ ಅಜ್ಜಿಯ ಆಶೀರ್ವಾದ.

ನಾಲ್ಕು ದಿನವಾಯಿತು, ಫೋನಿನಲ್ಲಿ ನೀನು ನನ್ನ ಜೊತೆ ಮಾತಾಡುತ್ತಿಲ್ಲ. "ಅಜ್ಜಿ ನನಗ ದೂರ ಹೋಗು ಅಂದ್ಲು, ನಾ ಮಾತಾಡಂಗಿಲ್ಲ" ಎಂದೆಯಂತೆ, ನಿನ್ನ ಅವ್ವ ಸುಜಾತಾ ಹೇಳಿದಳು. ಅದಕ್ಕೇ ಧಾರವಾಡಕ್ಕೆ ಈ ಕಾಗದ. ಅಕ್ಷರ ಸೊಟ್ಟಗಾದರೆ ನಗಬೇಡ.

ರಜೆಗೆ ಬಂದ ಮೊದಲ ದಿನವೇ ಬಚ್ಚಲಲ್ಲಿ ನಿಂತು ನೀನು ಹೇಳಿದ್ದೆ, "ಅಜ್ಜಿ, ನಳ ಕಡೀತೈತಿ." ನಾನು ನಂಬಲಿಲ್ಲ. ಮೂವತ್ತೆರಡು ವರ್ಷ ಅಂಗನವಾಡಿ ನಡೆಸಿದವಳಲ್ಲವೇ, ಮಕ್ಕಳ ನೆಪಗಳೆಲ್ಲ ನನಗೆ ಬಾಯಿಪಾಠ ಎಂಬ ಜಂಬ. ನಾನೇ ನಳ ಹಿಡಿದು ತೋರಿಸಿದೆ, ನನಗೇನೂ ಆಗಲಿಲ್ಲ. ಜಾರಬಾರದೆಂದು ನಾನು ಬಚ್ಚಲಲ್ಲೂ ರಬ್ಬರ್ ಚಪ್ಪಲಿ ಹಾಕುತ್ತೇನೆ, ನೀನು ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದೆ. ಅಷ್ಟು ನನಗೆ ಹೊಳೆಯಲಿಲ್ಲ. ಸುಳ್ಳುಬುರುಕಿ ಎಂದು ಬೈದು ನಿನ್ನ ಕೈ ಹಿಡಿದು ನಳದ ಮೇಲೆ ಇಡಿಸಿದೆ. ನೀನು ಚಟಕ್ಕನೆ ಕೈ ಕಿತ್ತುಕೊಂಡು ಅತ್ತೆ.

ಮೂರನೇ ದಿನ ನನ್ನ ಚಪ್ಪಲಿಯ ಪಟ್ಟಿ ಹರಿಯಿತು. ಬರಿಗಾಲಲ್ಲೇ ಹೋಗಿ ನಳ ತಿರುಗಿಸಿದೆ. ಕೈ ಅಂಟಿಕೊಂಡಿತು ಕೂಸೇ, ಬೆರಳು ನನ್ನ ಮಾತು ಕೇಳಲಿಲ್ಲ. ಬಾಗಿಲಲ್ಲಿ ಟವೆಲ್ ಸುತ್ತಿಕೊಂಡು ನಿಂತಿದ್ದ ನೀನು ಎರಡೂ ಕೈ ಚಾಚಿ ನನ್ನ ಕಡೆ ಓಡಿ ಬಂದೆ. ಸಾಯುತ್ತೇನೆಂಬ ಹೆದರಿಕೆ ಅಲ್ಲಿಗೆ ಹೋಯಿತು, ನೀನು ನನ್ನನ್ನು ಮುಟ್ಟುತ್ತೀ ಎಂಬ ಹೆದರಿಕೆ ಬಂತು. "ಮುಟ್ಟಬ್ಯಾಡ, ದೂರ ಹೋಗು" ಎಂದು ಹೇಗೆ ಕೂಗಿದೆನೋ. ನೀನು ಬೆದರಿ ಹಿಂದೆ ಸರಿದೆ. ಅಷ್ಟರಲ್ಲಿ ಮೊಣಕಾಲು ಕುಸಿದು ಬಿದ್ದೆ, ಬಿದ್ದ ಭಾರಕ್ಕೆ ಕೈ ಬಿಟ್ಟಿತು.

ಮರುದಿನ ವೈರಿಂಗ್ ಮಾಡುವ ಫಕೀರಪ್ಪ ಬಂದು ಟೆಸ್ಟರ್ ಇಟ್ಟ. ನಳದ ಮೇಲೆ ಅದರ ದೀಪ ಹತ್ತಿತು. ಗೀಸರಿನ ಕಾಯಿಲ್ ಒಡೆದು ಕರೆಂಟ್ ನೀರಿಗಿಳಿಯುತ್ತಿತ್ತಂತೆ. ಅದನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್ ತಂತಿ ಎಲ್ಲಿ ಎಂದು ಕೇಳಿದ. ದೀಪಾವಳಿಗೆ ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ, ರಂಗೋಲಿಗೆ ಅಡ್ಡವೆಂದು ಅದನ್ನು ಕತ್ತರಿಸಿ ಹಾಕಿಸಿದವಳು ನಾನೇ. ಅವನ ಮುಂದೆ ತಲೆ ಎತ್ತಲಾಗಲಿಲ್ಲ. ಈಗ ಹೊಸ ತಂತಿ ಇಳಿದಿದೆ, ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚೂ ಬಂದಿದೆ, ಗೀಸರನ್ನು ಬಿಚ್ಚಿಸಿಬಿಟ್ಟೆ. ಆದರೂ ಆ ನಳದತ್ತ ಕೈ ಹೋಗುವುದಿಲ್ಲ. ಮುದುಕಿ ನಾನು, ಪಕ್ಕದ ಬೀರವ್ವನ ಮನೆಗೆ ಬಕೆಟ್ ಹಿಡಿದು ಸ್ನಾನಕ್ಕೆ ಹೋಗುತ್ತಿದ್ದೇನೆ.

ನೀನು ಸುಳ್ಳು ಹೇಳಿರಲಿಲ್ಲ. ನಂಬದೆ ಹೋದದ್ದು ನನ್ನ ತಪ್ಪು, ಕ್ಷಮಿಸು. ಇನ್ನೊಮ್ಮೆ ಏನಾದರೂ ಕಡಿದರೆ, ನಾನು ಬೈದರೂ ಹೇಳು. ಆದರೆ ಕೂಗಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಯಾರೇ ಕರೆಂಟಿಗೆ ಅಂಟಿಕೊಂಡಿರಲಿ, ಅವ್ವನೇ ಇರಲಿ, ನಾನೇ ಇರಲಿ, ಮುಟ್ಟಬೇಡ. ಹೊರಗೆ ಓಡಿ ದೊಡ್ಡವರನ್ನು ಕರೆ, ಮೇನ್ ಸ್ವಿಚ್ ಬಂದ್ ಮಾಡಿಸು. ನಿನ್ನ ಹೆಸರು ಹಿಡಿದು ನಾನು ಕರೆಯುತ್ತಿದ್ದರೂ ಹತ್ತಿರ ಬರಬೇಡ. ಇದೊಂದು ಮಾತು ಕೊಡು.

ಸಿಟ್ಟು ಇಳಿದ ದಿನ ಬಾ. ತಂತಿಯನ್ನು ಮುಟ್ಟದೆ ಅದರ ಸುತ್ತಲೇ ರಂಗೋಲಿ ಹಾಕೋಣ. ಬಂದವಳೇ, ಅವತ್ತು ಚಾಚಿದ ಆ ಎರಡೂ ಕೈಗಳನ್ನು ನನ್ನ ಕೊರಳಿಗೆ ಹಾಕು.

ನನ್ನ ಆಯುಷ್ಯವೂ ನಿನಗಿರಲಿ.
ನಿನ್ನ ಅಜ್ಜಿ,
ಸತ್ಯವ್ವ