ಚಳಿಯಲ್ಲಿ ಅಳೆದ ಅಂಕಿ

ಪ್ರೀತಿಯ ಸೊಸೆಗೆ ನಿನ್ನ ಮಾವ ಬರೆಯುವುದು.

ಮನೆಮನೆಯ ವಿದ್ಯುತ್ ಬಳಕೆಯಿಂದ ದೇಶವು ಹೊರಸೂಸುವ ಇಂಗಾಲವನ್ನು ಲೆಕ್ಕ ಹಾಕಲೆಂದು ನಿನ್ನ ಕಚೇರಿಯವರು ನಮ್ಮಲ್ಲಿ ಅಳವಡಿಸಿದ್ದ ಮಾಪಕವನ್ನು ಇಂದು ಬಿಚ್ಚಿಕೊಂಡು ಹೋದರು. ಅದರ ಅಂಕಿಯನ್ನು ದಯವಿಟ್ಟು ವರದಿಗೆ ಸೇರಿಸಬೇಡ. ವಾರವಿಡೀ, ನಾನು ಗ್ರಂಥಾಲಯಕ್ಕೆ ಹೊರಟೊಡನೆ, ನಿನ್ನ ಅತ್ತೆ ಹೀಟರ್ ಆರಿಸಿ ಎರಡು ಕಂಬಳಿ ಹೊದ್ದು ಕುಳಿತಿರುತ್ತಿದ್ದಳಂತೆ. ಏಕೆಂದು ಕೇಳಿದರೆ, “ಸೊಸೆ ಲೆಕ್ಕ ಹಾಕೋವಾಗ ನಮ್ಮನೆಯಿಂದಾನೇ ಅವಳ ಮರ್ಯಾದೆ ಹೋಗಬೇಕೇನ್ರೀ?” ಎಂದು ನನ್ನನ್ನೇ ಗದರಿದಳು. ಈಗ ಕೆಮ್ಮುತ್ತಿದ್ದಾಳೆ.

ಈ ಅಂಕಿಯನ್ನು ನಂಬಿದರೆ, ವೃದ್ಧರಿಗೆ ಇಷ್ಟೇ ಶಾಖ ಸಾಕೆಂದು ಸರ್ಕಾರ ನೀತಿ ರೂಪಿಸೀತು. ಮತ್ತೊಮ್ಮೆ ಅಳೆಯುವುದಾದರೆ, ಆ ವಾರ ನೀನೇ ಬಂದು ನಮ್ಮೊಡನಿರು. ನೀನು ಚಳಿಯಲ್ಲಿ ಕೂರುವುದನ್ನು ಅವಳು ಸಹಿಸಲಾರಳು.

ನಿನ್ನ ಹಾದಿ ಕಾಯುವ,
ಮಾವ