ಕಣ್ಣು ಮುಚ್ಚದವಳ ಗಂಟೆ

ಕೊಕ್ಕನೂರು,
ಭಾನುವಾರ, 23-11-2025

ಅಪ್ಪಾಜಿಗೆ ನಿಮ್ಮ ಹಟಮಾರಿ ಮಗಳ ನಮಸ್ಕಾರ.

ಪತ್ರದ ತಲೆಗೆ ‘ಶ್ರೀ’ ಬರೆಯಬೇಕೆಂದು ಕನ್ನಡ ಮಿಸ್ ಹೇಳಿಕೊಟ್ಟಿದ್ದಾರೆ. ನೀವು ಹೇಗೂ ಗೀಟು ಹಾಕುತ್ತೀರೆಂದು ನಾನೇ ಬಿಟ್ಟಿದ್ದೇನೆ. ಇಲ್ಲಿ ಅಜ್ಜಿಯ ಊರಿನಲ್ಲಿ ಅಮ್ಮ, ಅಜ್ಜಿ, ನಾನು ಚೆನ್ನಾಗಿದ್ದೇವೆ. ಫೋನ್ ಮಾಡಿದರೆ ನೀವು ಅರ್ಧಕ್ಕೇ “ಆತು” ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಪತ್ರ. ನಾಳೆ ಬೆಳಿಗ್ಗೆ ಹಾಲಸ್ವಾಮಿ ಮಾಮ ಹರಿಹರದ ಮೇಲೆ ದಾವಣಗೆರೆಗೆ ಸೊಪ್ಪು ತರುವಾಗ ಇದನ್ನು ನಿಮ್ಮ ಕೈಗೇ ಕೊಡುತ್ತಾನೆ. ನೀವು ನನ್ನ ಸ್ಕೂಲಿಗೆ ಹೊರಡುವ ಮೊದಲು ಓದಬೇಕು.

ಬಕ್ಕೇಶಪ್ಪ ಅಂಕಲ್ ನಿಮ್ಮ ಅಂಗಡಿಗೆ ಬಂದು ನಾಲ್ಕು ಜನರ ಎದುರಿಗೆ, “ಏನ್ರೀ ರುದ್ರಮುನಿ, ದೇವ್ರಿಲ್ಲ ಅಂತೀರಿ, ನಿಮ್ಮ ಮಗಳು ಕಾನ್ವೆಂಟ್ನಾಗ ಪ್ರಾರ್ಥನೆ ಗಂಟೆ ಬಾರಿಸ್ತಾಳಂತಲ್ಲ!” ಎಂದು ನಕ್ಕರಂತೆ. ತಾತನ ಎದುರು ನಿಂತು ಕೊರಳಿನ ಲಿಂಗ ತೆಗೆದಿಟ್ಟವರು ನೀವು. ಆ ಮಾತು ಎಷ್ಟು ಚುಚ್ಚಿತೆಂದು ನನಗೆ ಗೊತ್ತಾಗುತ್ತದೆ. ಫೋನಿನಲ್ಲಿ, ಸೋಮವಾರವೇ ನಿನ್ನ ಟಿ.ಸಿ. ತರುತ್ತೇನೆ ಎಂದಿರಿ. ಎರಡು ವರ್ಷ ನಿಮ್ಮಿಂದ ಮುಚ್ಚಿಟ್ಟದ್ದು ತಪ್ಪು, ಅದನ್ನು ಒಪ್ಪಿಕೊಳ್ಳುತ್ತೇನೆ.

ಆದರೆ ಅಪ್ಪಾಜಿ, ಶುರು ಮಾಡಿದ್ದು ನೀವೇ. ಐದನೇ ಕ್ಲಾಸಿಗೆ ಸೇರಿಸಿದ ದಿನ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, “ಪ್ರಾರ್ಥನೆ ಹೊತ್ನಾಗ ಸುಮ್ಕೆ ನಿಂತ್ಕ. ಕಣ್ಣು ಮುಚ್ಚಬ್ಯಾಡ. ಯಾರನ್ನೂ ನೋಡಿ ನಗಬ್ಯಾಡ” ಎಂದಿರಿ. ಹಾಗೇ ನಡೆದುಕೊಂಡೆ. ಏಳನೇ ಕ್ಲಾಸಿನಲ್ಲಿ ಯಾರೋ ಚಾಡಿ ಹೇಳಿ ಹೆಡ್ ಸಿಸ್ಟರ್ ಫ್ಲೋರಿನ್ ಕರೆಸಿದರು. ನಮ್ಮ ಮನೆಯಲ್ಲಿ ದೇವರಿಲ್ಲ ಸಿಸ್ಟರ್, ಅದಕ್ಕೇ ಕಣ್ಣು ಮುಚ್ಚುವುದಿಲ್ಲ ಎಂದೆ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಮಂಗಳೂರು ಕಡೆಯವರು. ಮೇಜು ಕುಟ್ಟಿ, “ಒಳ್ಳೇದಾಯ್ತು ಮಾರಾಯ್ತಿ, ನನಗೆ ಅಂಥವಳೇ ಒಬ್ಬಳು ಬೇಕಿತ್ತು!” ಎಂದರು.

ವಿಷಯ ಇಷ್ಟೇ. ಮಧ್ಯಾಹ್ನ ಹನ್ನೆರಡಕ್ಕೆ ಇಡೀ ಸ್ಕೂಲು ವರಾಂಡದಲ್ಲಿ ನಿಲ್ಲುತ್ತದೆ. ಗಂಟೆ ಮೂರು ಸಲ, ಪ್ರಾರ್ಥನೆಯ ಒಂದು ಸಾಲು. ಹೀಗೆ ಮೂರು ಬಾರಿ. ಆಮೇಲೆ ಯಾರಿಗೆ ಏನು ಬೇಕೋ ಕೇಳಿಕೊಳ್ಳಲು ಒಂದು ನಿಮಿಷ ಮೌನ. ಕೊನೆಗೆ ಒಂಬತ್ತು ಸಲ ಬಾರಿಸಿದ ಮೇಲೆಯೇ ಎಲ್ಲರೂ ಕಣ್ಣು ತೆರೆಯುವುದು. ಮೊದಲು ಬಾರಿಸುತ್ತಿದ್ದ ಹುಡುಗಿಯರು ತಾವೂ ಕಣ್ಣು ಮುಚ್ಚಿ, ಪ್ರಾರ್ಥನೆಯಲ್ಲಿ ಮುಳುಗಿ, ಗಂಟೆಯನ್ನೇ ಮರೆಯುತ್ತಿದ್ದರಂತೆ. ಕಣ್ಣು ತೆರೆದು ನಿಲ್ಲುವವರು ಒಬ್ಬರು ಬೇಕಾಗಿತ್ತು. ಸಿಸ್ಟರ್ ನನ್ನನ್ನು ಪ್ರಾರ್ಥನೆ ಮಾಡು ಎನ್ನಲಿಲ್ಲ, ಇವತ್ತಿನವರೆಗೂ ಎಂದಿಲ್ಲ. ಗಂಟೆಯ ಹಗ್ಗ ಕೊಟ್ಟರು.

ಆ ಒಂದು ನಿಮಿಷದಲ್ಲಿ ನಾನು ಏನು ನೋಡುತ್ತೇನೆಂದು ಹೇಗೆ ಹೇಳಲಿ? ಒಂಬೈನೂರು ಮುಖಗಳು. ನಾವೆಲ್ಲ ಹೆದರಿ ನಡುಗುವ ಗಣಿತದ ಅಕ್ಕನಾಗಮ್ಮ ಮಿಸ್ ಮುಖ ಒಂದನೇ ಕ್ಲಾಸಿನ ಹುಡುಗಿಯಂತಾಗುತ್ತದೆ. ಎಲ್ಲರ ಜಡೆ ಎಳೆಯುವ ಮಾಲತೇಶನ ತುಟಿ ನಡುಗುತ್ತದೆ. ಹಣೆ ತುಂಬ ವಿಭೂತಿ ಹಚ್ಚಿದ ವಾಚ್‌ಮನ್ ಶಿವಯೋಗಪ್ಪ ಬೂಟು ಬಿಚ್ಚಿಟ್ಟು, ಬಿಸಿ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಂತಿರುತ್ತಾನೆ. ನನ್ನ ಬೆಂಚಿನ ಬಿಂದು ಕಣ್ಣು ಮುಚ್ಚಿಕೊಂಡೇ ನಗುತ್ತಾಳೆ, ಯಾರ ಜೊತೆಗೋ. ಯಾರೂ ನೋಡುತ್ತಿಲ್ಲವೆಂದು ನಂಬಿ ಅಷ್ಟೂ ಜನ ಮುಖವನ್ನು ಬಿಟ್ಟುಕೊಟ್ಟಿರುತ್ತಾರೆ. ನನಗೆ ಪ್ರತಿದಿನ ಮೈ ಜುಮ್ಮೆನ್ನುತ್ತದೆ. ಉಸಿರಾಡಲೂ ಭಯವಾಗುತ್ತದೆ. ದೇವರು ಇದ್ದಾನೋ ಇಲ್ಲವೋ ಎಂಬ ಪ್ರಶ್ನೆ ಆಗ ನೆನಪಿಗೇ ಬರುವುದಿಲ್ಲ. ಮನುಷ್ಯರು ಇಷ್ಟು ಚೆಂದ ಎಂದು ನನಗೆ ಗೊತ್ತೇ ಇರಲಿಲ್ಲ ಅಪ್ಪಾಜಿ. ನೀವು ಕಣ್ಣು ಮುಚ್ಚಬೇಡ ಎಂದಿದ್ದರಿಂದಲೇ ನೋಡಿದೆ.

ಈ ಎರಡು ವರ್ಷದಲ್ಲಿ ಒಂದೇ ಒಂದು ದಿನ ತಪ್ಪಿದ್ದೇನೆ. ಅಮ್ಮನ ಆಪರೇಷನ್ ಆದ ಮರುದಿನ, ನೀವೇ ನನಗೆ ಊಟದ ಡಬ್ಬಿ ತಂದಿರಲ್ಲ, ಅವತ್ತು. ಮೌನ ಮುಗಿದರೂ ಒಂಬತ್ತು ಬಾರಿಸದೆ ಹಗ್ಗ ಹಿಡಿದು ನಿಂತುಬಿಟ್ಟೆ. ಚಿಕ್ಕ ಮಕ್ಕಳು ಕೆಮ್ಮಿದರು, ಕಾಲು ಬದಲಿಸಿದರು. ಆಮೇಲೆ ಸಿಸ್ಟರ್ ಚೆನ್ನಾಗಿ ಬೈದರು. ಕಾರಣ ಕೇಳಿದರೆ ಕೈ ನೋಯುತ್ತಿತ್ತು ಎಂದು ಸುಳ್ಳು ಹೇಳಿದೆ.

ನಾನು ಬದಲಾಗಿಲ್ಲ. ಅಲ್ಲಿ ಒಂದು ದಿನವೂ ಕಣ್ಣು ಮುಚ್ಚಿಲ್ಲ. ಹತ್ತನೇ ಕ್ಲಾಸ್ ಮುಗಿಯುವವರೆಗೆ ಆ ಹಗ್ಗ ನನ್ನ ಕೈಯಲ್ಲೇ ಇರಲಿ ಎಂಬುದೊಂದೇ ಆಸೆ. ಟಿ.ಸಿ. ತರಲೇಬೇಕು ಎನಿಸಿದರೆ, ಹನ್ನೆರಡಕ್ಕೆ ಐದು ನಿಮಿಷ ಮುಂಚೆ ಬನ್ನಿ. ನಾನೂ ಅಮ್ಮನೂ ಬೆಳಿಗ್ಗೆ ಬಸ್ಸಿಗೆ ಬರುತ್ತೇವೆ, ಗಂಟೆಯ ಹೊತ್ತಿಗೆ ನಾನು ಅಲ್ಲಿರುತ್ತೇನೆ. ನನ್ನ ಪಕ್ಕ ನಿಂತು ಒಂದು ಸಲ ನೋಡಿ. ಆಮೇಲೆ ನೀವು ಹೇಳಿದಂತೆ ಕೇಳುತ್ತೇನೆ.

ನಿಮ್ಮ ಮಗಳು,
ವಾಣಿಶ್ರೀ

ಮರೆತ ಮಾತು: ನಾನು ಹಗ್ಗ ಹಿಡಿದು ನಿಲ್ಲುವ ಕಡೆಯಿಂದ ಸಿಸ್ಟರ್‌ಗಳು ಪ್ರಾರ್ಥಿಸುವ ಚಾಪೆಲ್‌ನ ಪಕ್ಕದ ಬಾಗಿಲು ನೇರವಾಗಿ ಕಾಣುತ್ತದೆ. ಅವತ್ತು ಅಮ್ಮನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಕೊನೆಯ ಬೆಂಚಿನಲ್ಲಿ, ನನ್ನ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ನೀವು ಕೂತಿದ್ದಿರಿ. ಕಣ್ಣು ಮುಚ್ಚಿತ್ತು. ಇದನ್ನು ಯಾರಿಗೂ ಹೇಳಿಲ್ಲ, ಅಮ್ಮನಿಗೂ. ನೀವು ಕಣ್ಣು ತೆರೆದ ಮೇಲೆಯೇ ನಾನು ಒಂಬತ್ತು ಬಾರಿಸಿದ್ದು.